ಉಗುಳುವ ಬಟ್ಟಲು

ಯಾವ ಊಟಕ್ಕೆ ಯಾವ ವೈನ್ ಸರಿ ಎಂದು ರುಚಿ ನೋಡಿ ಹೇಳುವುದು ಹೋಟೆಲಿನಲ್ಲಿ ಅವನ ಕೆಲಸ. ಕುಡಿತ ಬಿಡಿಸುವ ಆಸ್ಪತ್ರೆಯಿಂದ ಬಂದ ಮೇಲೆ ಹೆಂಡತಿ ಒಂದೇ ಷರತ್ತು ಹಾಕಿದ್ದಳು: ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಉಗುಳಬೇಕು. ಜೊತೆಗಿರಲೆಂದು ಅವಳೂ ಪಕ್ಕದಲ್ಲಿ ಕೂತು ರುಚಿ ನೋಡತೊಡಗಿ ವರ್ಷವಾಗಿತ್ತು.

ಇವತ್ತು ಶರತ್ಕಾಲದ ಊಟಕ್ಕೆಂದು ಫ್ರಾನ್ಸಿನ ಆರು ಕೆಂಪು ವೈನ್. ಇಬ್ಬರ ಮುಂದೆಯೂ ಉಗುಳಲು ಒಂದೊಂದು ಬಟ್ಟಲು.

ಅವನು ಕಣ್ಣು ಮುಚ್ಚಿ, ಬಾಯಲ್ಲಿ ಆಡಿಸಿ, ಉಗುಳಿದ.

“ಬರ್ಗಂಡಿ. ಅಣಬೆಗೆ ಆಗುತ್ತೆ.”

“ಬರ್ಕೊಂಡೆ.”

“ಬೋರ್ಡೋ. ಇದು ಬಾತುಕೋಳಿಗೆ.”

“ಪೂರ್ತಿ ಉಗುಳಿದ್ರಾ?”

“ನೋಡು ಬೇಕಾದ್ರೆ.”

ಅವಳು ಬಗ್ಗಿ ನೋಡಿದಳು. ಪ್ರತಿ ಸಲವೂ ನೋಡುತ್ತಿದ್ದಳು.

ಆರೂ ಮುಗಿದವು.

“ಕುಂಬಳಕಾಯಿ ಸೂಪಿಗೆ ಯಾವುದು ಹೇಳ್ಲಿ? ನಂಗೀಗ ಎಲ್ಲಾ ಒಂದೇ ಥರ ಅನ್ಸುತ್ತೆ.”

“ಮೂರನೇದು ಹೇಳಿ. ಚೆನ್ನಾಗಿತ್ತು.”

ಬಟ್ಟಲು ತೊಳೆದಿಡುವುದು ಯಾವಾಗಲೂ ಅವಳ ಕೆಲಸ. ಇವತ್ತು ಅವಳು ಕುರ್ಚಿಯಿಂದ ಏಳಲಿಲ್ಲ. ಅವನೇ ಎರಡನ್ನೂ ಎತ್ತಿಕೊಂಡು ನಲ್ಲಿಯ ಹತ್ತಿರ ಹೋದ.

ಅವನದು ಅಂಚಿನವರೆಗೂ ತುಂಬಿತ್ತು. ಅವಳದರಲ್ಲಿ ಒಂದು ಹನಿಯೂ ಇರಲಿಲ್ಲ.