ಸೋಮವಾರದ ಊಟ

ಇದು ನಾನು ಕಣ್ಣಾರೆ ಕಂಡದ್ದಲ್ಲ, ಕೇಳಿದ್ದು. ಸಾವಿನ ಮನೆಯ ಮಾತನ್ನು ಕಥೆ ಮಾಡಿ ಹೇಳುವ ಹಕ್ಕು ನನಗಿದೆಯೋ ಇಲ್ಲವೋ ಎಂಬ ಅಳುಕು ಈಗಲೂ ಇದೆ. ಓದುವವರು ಮನ್ನಿಸಬೇಕು.

ಬೆಳಕು ಹರಿಯುವಾಗ ಸಂಡೂರಿನ ಬಾಡಿಗೆ ಮೋಟಾರು ಕಂಪ್ಲಿಗೆ ಬಂತು. ಮೊದಲು ನಿಂತದ್ದು ಉಜ್ಜಿನಪ್ಪನ ಮನೆಯ ಮುಂದೆ. ಎದುರುಮನೆಯ ಗೆಳೆಯ ಪಾಲಯ್ಯ ತನ್ನ ಕಟ್ಟೆಯಿಂದಲೇ ನೋಡುತ್ತಿದ್ದ. ಡ್ರೈವರ್ ಹೊನ್ನೂರಸಾಬ ಒಳಗೆ ಹೋದ. ತುಸು ಹೊತ್ತಿಗೆ ಹೊರಬಂದು ನೇರವಾಗಿ ಪಾಲಯ್ಯನ ಬಳಿಗೆ ನಡೆದ. ಗಣಿಯಲ್ಲಿ ಮಣ್ಣು ಕುಸಿದಿದೆ ಎಂದ.

ಇಬ್ಬರು ಗೆಳೆಯರ ಮಕ್ಕಳೂ ಆ ಗಣಿಯಲ್ಲೇ ಕೆಲಸಕ್ಕಿದ್ದರು. ಒಂದೇ ಕೋಣೆ, ಒಂದೇ ಒಲೆ. ಪಾಲಯ್ಯ ಹೆಂಡತಿ ಸತ್ತವನು. ಅವನಿಗೆ ಇದ್ದವನು ಓಬಯ್ಯ ಒಬ್ಬನೇ.

“ನಮ್ಮ ಓಬಯ್ಯ?”

ಹೊನ್ನೂರಸಾಬ ನೆಲ ನೋಡಿದ. “ಹೋದವ್ನು ಉಜ್ಜಿನಪ್ಪಾರ ಮಗ ಸಿದ್ಲಿಂಗ ರೀ. ಅವ್ರಿಗೆ ಹೇಳಾಕಂತ ಹೋದೆ, ಬಾಯಿ ಬರ್ಲಿಲ್ಲ. ನೀವ ಏನಾರ ನೆವ ಹೇಳಿ ಕರ್ಕೊಂಡು ಬರ್ರಿ.”

ಪಾಲಯ್ಯನ ಕೈಗಳು ತಾವಾಗಿ ಕೂಡಿಕೊಂಡವು. ವಿರೂಪಾಕ್ಷಾ, ನನ್ನವನನ್ನು ಉಳಿಸಿದೆ. ಮರುಗಳಿಗೆಯೇ ಕೈ ಬಿಡಿಸಿಕೊಂಡ. ಗೆಳೆಯನ ಮಗ ಸತ್ತ ಸುದ್ದಿಗೆ ದೇವರಿಗೆ ಕೈಮುಗಿದಿದ್ದ.

ಆ ಸೀಮೆಯಲ್ಲಿ ಸಾವಿನ ಸುದ್ದಿಯನ್ನು ಹಸಿದವನಿಗೆ ಹೇಳುವುದಿಲ್ಲ. ಕೇಳಿದ ಮೇಲೆ ಮಣ್ಣಾಗುವತನಕ ಬಾಯಿಗೆ ಅಗುಳು ಹಾಕುವಂತಿಲ್ಲ. ಆದ್ದರಿಂದ ಏನಾದರೂ ನೆವ ಹೇಳಿ ಹೊರಡಿಸಿ, ದಾರಿಯಲ್ಲಿ ನಂಟರು ಗೆಳೆಯರ ಮನೆಗಳಲ್ಲಿ ಉಣ್ಣಿಸಿ, ಊರು ಹತ್ತಿರವಾದಾಗ ಹೇಳುತ್ತಾರೆ. ಉಣ್ಣಿಸುವ ಹೊಣೆ ಈಗ ಪಾಲಯ್ಯನದು.

ಅವನಿಗೆ ಹೊಳೆದ ನೆವ ಕೆಟ್ಟದ್ದು. ಸಂಡೂರಿನಲ್ಲಿ ಸಿದ್ಲಿಂಗನಿಗೆ ಒಂದು ಹೆಣ್ಣಿದೆ, ನೋಡಿ ಬರೋಣ ಎಂದುಬಿಟ್ಟ. ಉಜ್ಜಿನಪ್ಪ ಯಾರ ಮಗಳು, ಯಾವ ಮನೆತನ ಎಂದು ಕೇಳಲಿಲ್ಲ. ರುಮಾಲು ಸುತ್ತಿಕೊಂಡು ಬಂದು ಮೋಟಾರಿನಲ್ಲಿ ಕುಳಿತ. ಇಷ್ಟು ಸುಲಭವಾಗಿ ನಂಬಿದನಲ್ಲ ಎಂದುಕೊಂಡು ಪಾಲಯ್ಯ ಪಕ್ಕದಲ್ಲಿ ಕುಳಿತ.

ಕಮಲಾಪುರ ದಾಟಿ ಬಂಡೆಗಳ ನಡುವೆ ಹಂಪಿಯ ಗೋಪುರ ಕಂಡಿತು. ಪಾಲಯ್ಯ ಮುಖ ಆ ಕಡೆ ತಿರುಗಿಸಲಿಲ್ಲ.

ಕಡ್ಡಿರಾಂಪುರದಲ್ಲಿ ಇಬ್ಬರಿಗೂ ಬೇಕಾದ ಗಾದಿಲಿಂಗಪ್ಪನ ಮನೆ. ಇವರು ಕಾಲು ತೊಳೆಯುವಷ್ಟರಲ್ಲಿ ಹೊನ್ನೂರಸಾಬ ಗಾದಿಲಿಂಗಪ್ಪನ ಕಿವಿಯಲ್ಲಿ ಏನೋ ಹೇಳಿದ್ದ. ಗಾದಿಲಿಂಗಪ್ಪನ ಹೆಂಡತಿ ಎರ್ರೆಮ್ಮ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ತಂದಿಟ್ಟಳು. ಪಾಲಯ್ಯ ಕೈ ಅಡ್ಡ ಹಿಡಿದ. ಅಂದು ಸೋಮವಾರ. ಹೆಂಡತಿ ಹೋದಾಗಿನಿಂದ ಅವನು ಸೋಮವಾರ ದೀಪ ಹಚ್ಚುವವರೆಗೆ ಉಣ್ಣುತ್ತಿರಲಿಲ್ಲ.

ಉಜ್ಜಿನಪ್ಪ ತನ್ನ ತಾಟು ಮುಂದಕ್ಕೆ ದೂಡಿದ. “ಹಂಗಾದ್ರ ನನಗೂ ಬ್ಯಾಡ. ನೀ ಉಂಡ್ರ ನಾ ಉಣ್ತೀನಿ.”

“ಲೇ, ನಂದು ವಾರ ಐತಿ. ನಿನಗೇನಾಗೇತಿ?”

“ನನಗೇನೂ ಆಗಿಲ್ಲ. ಅದಕ್ಕ ಹೇಳಾಕತ್ತೀನಿ, ಉಣ್ಣು.”

ಪಾಲಯ್ಯ ಸೋತ. ಉಜ್ಜಿನಪ್ಪ ಉಪವಾಸ ಸಂಡೂರು ಸೇರಿದರೆ ಮಗನ ಹೆಣದ ಮುಂದೆ ನಿಲ್ಲಲಾರ. ಅವನಿಗಾಗಿ ವ್ರತ ಮುರಿದು ರೊಟ್ಟಿ ಮುರಿದ. ಎರ್ರೆಮ್ಮ ಅವನ ತಾಟಿಗೇ ಮತ್ತೆ ಮತ್ತೆ ತುಪ್ಪ ಹಾಕಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆ ಎಂದಳು. ಉಜ್ಜಿನಪ್ಪನತ್ತ ನೋಡುವ ಧೈರ್ಯ ಪಾಪ ಇವಳಿಗೂ ಇಲ್ಲ ಎಂದುಕೊಂಡ ಪಾಲಯ್ಯ. ರೊಟ್ಟಿ ರುಚಿಯಾಗಿತ್ತು. ಅದೇ ಅವನಿಗೆ ನುಂಗಲಾಗದ್ದು.

ಹೊಸಪೇಟೆಯಲ್ಲಿ ಮಧ್ಯಾಹ್ನ. ಅಲ್ಲಿ ಗೆಳೆಯ ಕೊಟ್ರಯ್ಯ ಎಂದೂ ಹಾಸ್ಯಗಾರ. ಬಾಗಿಲಲ್ಲೇ ಬೈದು ಬರಮಾಡಿಕೊಳ್ಳುವವನು. ಅಂದು ಮಾತಿಲ್ಲದೆ ಮಣೆ ಹಾಕಿದ. ನವಣೆ ಅನ್ನ, ಬದನೆಕಾಯಿ, ಕೆನೆ ಮೊಸರು. ಉಜ್ಜಿನಪ್ಪ ತುತ್ತು ಕಲಸುತ್ತ ಗೆಳೆಯನ ಕೈಯನ್ನೇ ನೋಡುತ್ತಿದ್ದ. ಪಾಲಯ್ಯ ಉಂಡಷ್ಟೇ ತಾನೂ ಉಂಡ. ತನ್ನ ಕಳ್ಳಾಟ ಅವನಿಗೆ ತಿಳಿದುಹೋಯಿತೇ ಎಂದು ಪಾಲಯ್ಯ ಬೆವರಿದ. ಇನ್ನಷ್ಟು ಬಡಿಸಿಕೊಂಡ. ಹೊರಡುವಾಗ ಕೊಟ್ರಯ್ಯ ಅವನ ಭುಜ ಅದುಮಿದ. ನಿನ್ನ ಹೊಣೆ ದೊಡ್ಡದು ಎನ್ನುತ್ತಿದ್ದಾನೆಂದು ಪಾಲಯ್ಯ ತಲೆಯಾಡಿಸಿದ.

ಸಂಡೂರಿನ ಗುಡ್ಡಗಳು ಕೆಂಪಾಗಿ ಎದುರಾದವು. ಪಾಲಯ್ಯನಿಗೆ ಇನ್ನು ತಡೆಯಲಾಗಲಿಲ್ಲ. ಉಜ್ಜಿನಪ್ಪನ ಮಣಿಕಟ್ಟು ಹಿಡಿದ.

“ಹೆಣ್ಣಿಲ್ಲೋ, ಏನಿಲ್ಲ. ಗಣಿ ಕುಸದೈತಿ. ಸಿದ್ಲಿಂಗ ಹೋದ್ನೋ.” ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮನಸ್ಸು ಬಿಡಲಿಲ್ಲ. “ಸುದ್ದಿ ಕೇಳಿದ ಕೂಡ್ಲೆ ನಮ್ಮವ ಉಳದ ಅಂತ ದೇವ್ರಿಗೆ ಕೈಮುಗದೆ. ಇಂಥಾ ಪಾಪಿ ನಾನು. ಕ್ಷಮಿಸಬ್ಯಾಡ ನನ್ನ.”

ಉಜ್ಜಿನಪ್ಪ ಚೀರಲಿಲ್ಲ. ಪಾಲಯ್ಯನ ತಲೆಯನ್ನು ಎಳೆದು ತನ್ನ ಎದೆಗೆ ಒತ್ತಿಕೊಂಡ.

“ಯಾವ ತಂದಿ ಆದ್ರೂ ಮುಗೀತಾನ. ನಾನೂ ಮುಗದೀನಿ,” ಎಂದ. “ನೀ ಉಂಡಿಯಲ್ಲ, ಸಾಕು.”

ದುಃಖಕ್ಕೆ ಮಾತು ತಪ್ಪಿತು ಎಂದುಕೊಂಡ ಪಾಲಯ್ಯ. ಮೋಟಾರು ಒಂದು ಕೇರಿಗೆ ತಿರುಗಿತು. ಜನ ಗುಂಪಾಗಿ ನಿಂತಿದ್ದರು. ಗೆಳೆಯ ಬೀಳದಂತೆ ಪಾಲಯ್ಯ ಅವನ ಬೆನ್ನ ಹಿಂದೆ ಕೈ ಕೊಟ್ಟ.

ಗುಂಪಿನಿಂದ ಒಬ್ಬ ಯುವಕ ಬಂದು ಪಾಲಯ್ಯನ ಕಡೆಯ ಬಾಗಿಲು ತೆಗೆದು, ಅವನ ಕಾಲ ಮೇಲೆ ಬಿದ್ದ. ಮೈತುಂಬ ಗಣಿಯ ಮಣ್ಣು, ಕೈಗೆ ಬಟ್ಟೆ ಸುತ್ತಿತ್ತು. “ಮಾವಾ, ಓಬಯ್ಯನ್ನ ಮಣ್ಣಿನಾಗಿಂದ ಎಳಕೊಳ್ಳಾಕ ನನ್ನ ಕೈಲಿ ಆಗ್ಲಿಲ್ಲ,” ಎಂದ ಸಿದ್ಲಿಂಗ.

ಗೆಳೆಯನಿಗೆ ಉಣ್ಣಿಸಲೆಂದು ಬದುಕಿರುವ ಸ್ವಂತ ಮಗನ ಹೆಸರಿನಲ್ಲಿ ಸಾವು ಹೇಳಿಸುವ ಯೋಚನೆ ಉಜ್ಜಿನಪ್ಪನದೋ ಹೊನ್ನೂರಸಾಬನದೋ, ಆ ಊಟವನ್ನು ಪಾಲಯ್ಯ ಮುಂದೆ ಎಂದಾದರೂ ಕ್ಷಮಿಸಿದನೋ, ನನಗೆ ತಿಳಿಯದು.