ಗಿಳಿಯಾದ ರಾಜಕುಮಾರಿ

“ಕಣ್ಣ ಉರಿತೈತಿ ಆಯಿ!” ಎಂದು ಮೊಮ್ಮಗಳು ಮೇಘಾ ಚೀರಿದಾಗ, ಮೈಲವ್ವನ ಬೆರಳು ಗಿಳಿಯಾದ ರಾಜಕುಮಾರಿಯ ಚಿತ್ರದ ಮೇಲೇ ನಿಂತುಬಿಟ್ಟಿತು. ಮೂರು ಸಲ ಸೋಪು ಹಚ್ಚಿ ತೊಳೆದ ಕೈ ಅದು. ಆದರೂ ಬ್ಯಾಡಗಿ ಪೇಟೆಯಲ್ಲಿ ದಿನವಿಡೀ ಮೆಣಸಿನಕಾಯಿ ತೊಟ್ಟು ಮುರಿದ ಖಾರ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದ ಕಥೆಪುಸ್ತಕದ ಪುಟಗಳಿಗೆಲ್ಲ ಹತ್ತಿತ್ತು. ಅದೇ ಪುಟ ತಿರುವಿ ಮಗು ಕಣ್ಣುಜ್ಜಿಕೊಂಡಿತ್ತು.

ಸೊಸೆ ಸುರೇಖಾ ಓಡಿಬಂದು ಮಗುವಿನ ಕಣ್ಣಿಗೆ ನೀರು ಹಾಕಿದಳು. “ಮುಪ್ಪಿನ ಕಾಲಕ್ಕ ಸಾಲಿ ಕಲ್ತದ್ದು ಕೂಸಿನ ಕಣ್ಣ ತಗ್ಯಾಕೇನ್ರಿ ಅತ್ತಿ?” ಎನ್ನುತ್ತ, ಪುಸ್ತಕವನ್ನು ಎರಡೇ ಬೆರಳಲ್ಲಿ ಎತ್ತಿ ಉರಿಯುತ್ತಿದ್ದ ನೀರೊಲೆಗೆ ತುರುಕಿದಳು.

ಕಣ್ಣುರಿ ಇಳಿದ ಮೇಲೆ ಮೇಘಾ ಮತ್ತೆ ಬಂದು ಅಜ್ಜಿಗೆ ಒತ್ತಿ ಕೂತಳು. “ಆಯಿ, ಗಿಳಿ ಮತ್ತ ರಾಜಕುಮಾರಿ ಆತೇನ?”

ಮೈಲವ್ವ ಎರಡೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮೊಮ್ಮಗಳ ಜೊತೆಗೇ ಓದಬೇಕೆಂದು, ಕೊನೆಯ ಪುಟವನ್ನು ಅವಳೂ ಓದಿರಲಿಲ್ಲ.