ಜ್ವರ ಬಾರದ ಡ್ರಮ್ಮು

ಹನ್ನೆರಡನೆಯ ದಿನವೂ ಡ್ರಮ್ಮಿಗೆ ಜ್ವರ ಬರಲಿಲ್ಲ. ಮೊಮ್ಮಗಳು ಬಾಲ್ಕನಿಯಲ್ಲಿ ಮಂಡಿಯೂರಿ, ಮುಚ್ಚಳದ ತೂತಿನಿಂದ ಒಳಗಿನ ತರಕಾರಿ ಸಿಪ್ಪೆಗೆ ಚುಚ್ಚಿದ್ದ ಉದ್ದ ಕಡ್ಡಿಯ ಥರ್ಮಾಮೀಟರನ್ನು ಓದುವುದನ್ನು ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಇಪ್ಪತ್ತಾರು. ಹೊರಗಿನ ಗಾಳಿಯೂ ಇಪ್ಪತ್ತಾರು. ಬಟ್ಟೆ ಒಣಹಾಕುವ ದಾರಕ್ಕೆ ಕ್ಲಿಪ್ಪು ಹಾಕಿ ತೂಗಿಬಿಟ್ಟಿದ್ದ ಗ್ರಾಫ್ ಹಾಳೆಯ ಮೇಲೆ ಹುಡುಗಿ ಇನ್ನೊಂದು ಚುಕ್ಕೆ ಇಟ್ಟಳು. ಹನ್ನೆರಡು ಚುಕ್ಕೆಗಳೂ ಏಳಲು ಮನಸ್ಸಿಲ್ಲದವರಂತೆ ಸಾಲಾಗಿ ಮಲಗಿದ್ದವು.

“ಗೊಬ್ಬರ ಆಗ್ತಾ ಇದ್ರೆ ಐವತ್ತು ದಾಟ್ಬೇಕು ಅಮ್ಮಾ! ಇದು ಏಳ್ತಾನೇ ಇಲ್ಲ.”

ಒಳಗೆ ಹೊಲಿಗೆ ಯಂತ್ರದ ಮುಂದಿದ್ದ ಸೊಸೆ, ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ತೆಗೆಯದೆಯೇ ತೀರ್ಪು ಕೊಟ್ಟಳು. “ಭಾನುವಾರದ ತನಕ ಟೈಮು. ಆಗ್ಲೂ ಬಿಸಿ ಆಗ್ಲಿಲ್ಲ ಅಂದ್ರೆ ಡ್ರಮ್ಮು ಗುಜರಿಗೆ, ಸಿಪ್ಪೆ ಮೊದಲಿನ ಹಾಗೆ ಕಸದ ಗಾಡಿಗೆ.”

ಆ ಮನೆಗೆ ಉಳಿದ ಬದಲಾವಣೆಗಳೆಲ್ಲ ಸಲೀಸಾಗಿ ಒಗ್ಗಿದ್ದವು. ತರಕಾರಿ ತೊಳೆದ ನೀರು ಕುಂಡಗಳಿಗೆ ಹೋಗುತ್ತಿತ್ತು. ಸೊಸೆ ತುಂಡುಬಟ್ಟೆಯಲ್ಲಿ ಹೊಲಿದ ಚೀಲಗಳು ಬಾಗಿಲ ಹಿಂದಿನ ಮೊಳೆಯಲ್ಲಿದ್ದವು. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗಿದರೆ ಮೊಮ್ಮಗಳು ಊರು ಒಂದು ಮಾಡುತ್ತಿದ್ದಳು. ಡ್ರಮ್ಮಿನ ಮಾತೆತ್ತಿದಾಗ ಮಾತ್ರ ಅಜ್ಜಿ ಮೂಗು ಮುರಿದಿದ್ದರು. ಆಸ್ಪತ್ರೆಯ ವಾರ್ಡಿನಲ್ಲೂ ಆಪರೇಷನ್ ಕೋಣೆಯಲ್ಲೂ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವರು. “ಕೊಳೆಯೋದನ್ನ ಯಾರಾದ್ರೂ ಮನೇಲಿಟ್ಟು ಸಾಕ್ತಾರಾ?” ಅಂದಿದ್ದರು. ಕೊನೆಗೆ ಮೊಮ್ಮಗಳ ಮುಖ ನೋಡಿ ಒಪ್ಪಿದರು. ಒಪ್ಪಿದ ಮೇಲೆ ಆರೈಕೆಯಲ್ಲಿ ಅವರದು ಎತ್ತಿದ ಕೈ.

“ಇನ್ನೇನಾದ್ರೂ ಆಗ್ಲಿ, ಒಂದ್ ಮಾತು ಒಪ್ಕೋ,” ಅಜ್ಜಿ ಸಮಾಧಾನ ಹೇಳಿದರು. “ಇಷ್ಟು ದಿನದಲ್ಲಿ ಒಂದು ನೊಣ ಇಲ್ಲ, ಒಂದು ಹುಳ ಇಲ್ಲ. ಸೊಪ್ಪಿನ ದಂಟು ಇವತ್ತು ತಂದ ಹಾಗಿದೆ. ನಾನಿಲ್ದಿದ್ರೆ ಆಗ್ತಿತ್ತಾ?”

“ನೀನೇನು ಮಾಡ್ದೆ ಅಜ್ಜಿ?”

“ದಿನಾ ಸಾಯಂಕಾಲ ನೆಲ ಒರೆಸಿದ್ಮೇಲೆ ಅದಕ್ಕೂ ಒಂದು ಮಗ್ ಫಿನೈಲ್ ನೀರು ಹಾಕ್ತೀನಿ. ಕ್ರಿಮಿ ಆಗ್ಬಾರ್ದಲ್ಲ!”

ಹೊಲಿಗೆ ಯಂತ್ರ ನಿಂತಿತು. ಇಡೀ ಮನೆಯೇ ಸದಾ ಫಿನೈಲ್ ನಾರುತ್ತಿದ್ದುದರಿಂದ, ಡ್ರಮ್ಮಿನ ವಾಸನೆ ಯಾರ ಮೂಗಿಗೂ ಬೇರೆಯಾಗಿ ತಟ್ಟಿರಲಿಲ್ಲ.

“ಅಜ್ಜೀ! ಬಿಸಿ ಮಾಡೋದೇ ಕ್ರಿಮಿಗಳು! ಅವು ಸಿಪ್ಪೆ ತಿಂದು ಅರಗಿಸ್ಕೊಳ್ಳೋವಾಗ ಬರೋ ಶಾಖ ಅದು. ನೀನು ದಿನಾ ಅವುಗಳನ್ನ ಸಾಯಿಸ್ತಾ ಬಂದಿದ್ದೀಯ!”

ಅಜ್ಜಿಯ ಕಣ್ಣು ಸೊಸೆಯತ್ತ ಹೊರಳಿತು. ಬೇಕಂತಲೇ ಮಾಡಿದರು ಅಂದುಕೊಂಡಳೇನೋ. ಮೊದಲೇ ಬೇಡವೆಂದವರು ತಾವು, ಈಗ ಯಾವ ಬಾಯಲ್ಲಿ ಅಲ್ಲವೆನ್ನುವುದು? ಸೊಸೆ ಸೂಜಿಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದು ಪುಟ್ಟ ದಿಂಬಿಗೆ ಚುಚ್ಚಿದಳು.

“ಅತ್ತೆ, ಇವತ್ತಿನ್ನೂ ಗುರುವಾರ,” ಎಂದಳು ಸೊಸೆ. ಅವಳ ಬಾಯಂಚಿನಲ್ಲಿ ನಗು ತಡೆದು ನಿಂತಿತ್ತು.

ಅಷ್ಟು ಸಾಕಾಯಿತು. ಅಜ್ಜಿ ಸೆರಗು ಸಿಕ್ಕಿಸಿದರು. “ಎಲ್ಲಿ ಸಿಗುತ್ತೆ ಒಳ್ಳೇ ಕ್ರಿಮಿ?”

“ಎದುರುಗಡೆ ಪಾರ್ಕಲ್ಲಿ! ಒಣಗಿದೆಲೆ ಗುಡ್ಡೆ ಇದ್ಯಲ್ಲ, ಬೆಳಗ್ಗೆ ಹೊತ್ತು ಹಬೆ ಆಡ್ತಿರುತ್ತೆ!”

ಹತ್ತು ನಿಮಿಷದಲ್ಲಿ ಅಜ್ಜಿ ಪಾರ್ಕಿನ ತೋಟಗಾರನ ಮುಂದೆ ಬಕೆಟ್ಟು ಹಿಡಿದು ನಿಂತಿದ್ದರು, ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಚಪ್ಪಲಿ.

“ಒಂದು ಬಕೆಟ್ ಕ್ರಿಮಿ ಕೊಡಪ್ಪ. ಜೀವ ಇರೋದು.”

ತೋಟಗಾರ ಅವರನ್ನೂ ಬಕೆಟ್ಟನ್ನೂ ಚಪ್ಪಲಿಗಳನ್ನೂ ನೋಡಿದ. “ಯಾರ ಮೇಲಮ್ಮಾ ಸಿಟ್ಟು?”

ಫಿನೈಲ್ ಕುಡಿದ ಸಿಪ್ಪೆಯನ್ನೆಲ್ಲ ಹೊರಹಾಕಿ, ಡ್ರಮ್ಮನ್ನು ಬರೀ ನೀರಿನಲ್ಲಿ ಮೂರು ಸಲ ತೊಳೆದರು. ಸೊಸೆ ತರಕಾರಿ ಅಂಗಡಿಯ ಹಿಂದೆ ಬಿದ್ದಿದ್ದ ಕೋಸಿನ ಹೊರ ಎಲೆಗಳನ್ನು ಎರಡು ಚೀಲ ಹೊತ್ತು ತಂದಳು. ಅವನ್ನು ಸಣ್ಣಗೆ ಹೆಚ್ಚಿ, ಒಣ ಎಲೆ ಬೆರೆಸಿ, ಪಾರ್ಕಿನ ಎಲೆಗುಡ್ಡೆಯ ತಳದಿಂದ ತಂದ ಕಪ್ಪು ಪುಡಿ ಉದುರಿಸಿ, ಹಿಂಡಿದರೆ ಒಂದೆರಡು ಹನಿ ತೊಟ್ಟಿಕ್ಕುವಷ್ಟೇ ತೇವ ಮಾಡಿ ಡ್ರಮ್ಮಿನ ಕಂಠದವರೆಗೆ ತುಂಬಿದರು. ಕೈಗವಸು ಹುಡುಕಲು ಹೋದ ಅಜ್ಜಿ ಅರ್ಧದಿಂದಲೇ ಹಿಂದಿರುಗಿ, ಬರಿಗೈಯಲ್ಲೇ ಕಲಸಿದರು.

ಶುಕ್ರವಾರ ಸಂಜೆ ಮೂವತ್ತೊಂದು. “ಏರ್ತಿದೆ! ಏರ್ತಿದೆ!” ಎಂದು ಮೊಮ್ಮಗಳು ಕುಣಿದ ರಭಸಕ್ಕೆ ಕೆಳಗಿನ ಮನೆಯವರು ಹೊರಬಂದು ಮೇಲೆ ನೋಡಿದರು. ಶನಿವಾರ ಬೆಳಗ್ಗೆ ಮೂವತ್ತೊಂಬತ್ತು, ಸಂಜೆಗೆ ನಲವತ್ತಾರು. ಮೂವತ್ತನಾಲ್ಕು ವರ್ಷ ಜ್ವರ ಇಳಿಯಲೆಂದು ಕಾದವರು ಈಗ ಇನ್ನೊಂದು ಡಿಗ್ರಿ ಏರಲಿ ಎಂದು ಕಾಫಿ ಮರೆತು ಕೂತಿದ್ದರು. ಭಾನುವಾರ ಬೆಳಗ್ಗೆ ಮುಳ್ಳು ನಲವತ್ತೊಂಬತ್ತಕ್ಕೆ ಬಂದು ಮೊಂಡು ಹಿಡಿಯಿತು. ಒಂಬತ್ತು ಗಂಟೆಗೂ ಅಷ್ಟೇ, ಹತ್ತಕ್ಕೂ ಅಷ್ಟೇ. ಮೊಮ್ಮಗಳು ಉಗುರು ಕಚ್ಚಿದಳು. ಅಜ್ಜಿ ಅವಳ ಕೈ ತಟ್ಟಿ, ಎರಡೇ ನಿಮಿಷಕ್ಕೆ ತಾವೇ ಕಚ್ಚತೊಡಗಿದರು.

ಹನ್ನೊಂದೂವರೆಗೆ ಇಬ್ಬರೂ ಒಟ್ಟಿಗೇ ಕೂಗಿಕೊಂಡರು. “ಐವತ್ತೊಂದು!”

ಸೊಸೆ ಹೊಲಿಯುತ್ತಿದ್ದ ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಓಡಿಬಂದಳು. “ಎಲ್ಲಿ, ಹಬೆ ಏಳ್ತಿದ್ಯಾ ನೋಡೋಣ!” ಎಂದು ಮುಚ್ಚಳಕ್ಕೆ ಕೈ ಹಾಕಿದಳು.

ಅಜ್ಜಿ ಅವಳ ಕೈ ಹಿಡಿದುಕೊಂಡರು.

“ಈಗ ತೆಗೀಬೇಡಮ್ಮ,” ಎಂದರು ಪಿಸುದನಿಯಲ್ಲಿ. “ಅವರೆಲ್ಲ ಊಟಕ್ಕೆ ಕೂತಿದ್ದಾರೆ.”